ಹೋಸ್ಟ್‌ಗೆ ಪ್ಯಾಚ್ ಹಾಕುವುದು: ಅಡ್ವೈಸರಿ ಓದುವಲ್ಲಿಂದ ಕೊನೆಯ ವಿಎಂವರೆಗೆ

ವಿಎಂಗಳ, ಅಂದರೆ ಒಂದೇ ಯಂತ್ರದ ಮೇಲೆ ಸಾಫ್ಟ್‌ವೇರ್‌ನಿಂದ ಓಡುವ ವರ್ಚುವಲ್ ಕಂಪ್ಯೂಟರ್‌ಗಳ, ಒಳಗಿನ ವಿಂಡೋಸ್, ಲಿನಕ್ಸ್‌ಗಳಿಗೆ ತಿಂಗಳು ತಿಂಗಳೂ ತಪ್ಪದೆ ಅಪ್‌ಡೇಟ್ ಹಾಕುವವರು ಬೇಕಾದಷ್ಟು ಜನ ಇದ್ದಾರೆ. ಅವನ್ನೆಲ್ಲ ಹೊತ್ತುಕೊಂಡಿರುವ ಹೋಸ್ಟ್‌ನ ಸರದಿ ಬಂದಾಗ ಮಾತ್ರ 'ಮುಂದಿನ ತಿಂಗಳು ನೋಡೋಣ' ಎಂಬ ಮಾತು ಬರುತ್ತದೆ. ಕಾರಣ ಗೊತ್ತಿರುವುದೇ. ಒಂದು ವಿಎಂ ನಿಂತರೆ ಒಂದು ಕೆಲಸ ನಿಲ್ಲುತ್ತದೆ, ಹೋಸ್ಟ್ ನಿಂತರೆ ಅದರ ಮೇಲಿರುವುದೆಲ್ಲ ನಿಲ್ಲುತ್ತದೆ. ಆದರೆ ದಾಳಿಕೋರನಿಗೂ ಲೆಕ್ಕ ಅದೇ ಅಲ್ವಾ? ಹೋಸ್ಟ್ ಒಂದು ಕೈಗೆ ಸಿಕ್ಕರೆ ಅದರ ಮೇಲಿರುವುದೆಲ್ಲ ಒಟ್ಟಿಗೆ ಸಿಕ್ಕಂತೆ.

ನಾನು ನೋಡಿಕೊಳ್ಳುವುದು ವಿಎಂವೇರ್‌ನ ಇಎಸ್ಎಕ್ಸ್ಐ ಹೋಸ್ಟ್‌ಗಳ ಒಂದು ಕ್ಲಸ್ಟರ್ (ಒಟ್ಟಿಗೆ ಕೆಲಸ ಮಾಡುವ ಹೋಸ್ಟ್‌ಗಳ ಗುಂಪು), ಲಿನಕ್ಸ್ ಮೇಲೆ ಕಟ್ಟಿದ ಪ್ರಾಕ್ಸ್‌ಮಾಕ್ಸ್‌ನದ್ದು ಇನ್ನೊಂದು, ಜೊತೆಗೆ ಡೆವಲಪರ್‌ಗಳ ಲ್ಯಾಪ್‌ಟಾಪ್‌ಗಳಲ್ಲಿರುವ ವರ್ಚುವಲ್‌ಬಾಕ್ಸ್. ನಮ್ಮ ಟೀಮಿಗೆ ಹೊಸಬರು ಬಂದಾಗಲೆಲ್ಲ ನಾನು ಮೊದಲು ಹೇಳುವುದು ಇದನ್ನೇ: ಅಪ್‌ಡೇಟ್ ಇನ್‌ಸ್ಟಾಲ್ ಆಯಿತು ಎಂದರೆ ಲೋಪ ಮುಚ್ಚಿತು ಎಂದಲ್ಲ. ಓಡುತ್ತಿರುವ ಪ್ರತಿ ವಿಎಂ ಹೊಸ ಕೋಡ್ ಮೇಲೆ ಓಡಲು ಶುರು ಮಾಡಿದಾಗಲೇ ಕೆಲಸ ಮುಗಿಯುವುದು. ಮುಂದೆ ಬರೆದಿರುವುದೆಲ್ಲ ಆ ಕೊನೆಯ ವಿಎಂವರೆಗೆ ತಲುಪುವುದು ಹೇಗೆ ಎಂಬುದರ ಬಗ್ಗೆ.

ಅಡ್ವೈಸರಿಯನ್ನು ಪೂರ್ತಿ ಓದಿ

ಹೋಸ್ಟ್ ಸಾಫ್ಟ್‌ವೇರ್‌ನ ಅಡ್ವೈಸರಿಗಳಲ್ಲಿ (ಲೋಪಗಳ ಬಗ್ಗೆ ಕಂಪನಿ ಹೊರಡಿಸುವ ಎಚ್ಚರಿಕೆಗಳು) ಜಾಸ್ತಿ ಜನರನ್ನು ದಾರಿ ತಪ್ಪಿಸುವುದು 'ಲೋಕಲ್' ಎಂಬ ಒಂದು ಪದ. ಲೋಪ ಎಷ್ಟು ಗಂಭೀರ ಎಂದು ಹತ್ತಕ್ಕೆ ಕೊಡುವ ಸಿವಿಎಸ್ಎಸ್ ಅಂಕದ ಪಕ್ಕದಲ್ಲಿ ದಾಳಿ ಎಲ್ಲಿಂದ ಬರುತ್ತದೆ ಎಂದು ಬರೆದಿರುತ್ತಾರೆ. ಅಲ್ಲಿ 'ನೆಟ್‌ವರ್ಕ್' ಎಂದಿದ್ದರೆ ಎಲ್ಲರೂ ಎದ್ದು ಕೂರುತ್ತಾರೆ, 'ಲೋಕಲ್' ಎಂದಿದ್ದರೆ 'ನಮ್ಮ ಸರ್ವರ್ ರೂಮಿಗೆ ಯಾರು ಬರ್ತಾರೆ' ಎಂದು ಸುಮ್ಮನಾಗುತ್ತಾರೆ. ವಿಎಂಗಳನ್ನು ಓಡಿಸುವ ಹೋಸ್ಟ್ ಸಾಫ್ಟ್‌ವೇರ್ ಆದ ಹೈಪರ್‌ವೈಸರ್ ವಿಷಯದಲ್ಲಿ ಲೋಕಲ್ ಎಂದರೆ ಬಹಳ ಸಲ ಗೆಸ್ಟ್‌ನ, ಅಂದರೆ ವಿಎಂನ, ಒಳಗಿನಿಂದ ಎಂದರ್ಥ. ಗೆಸ್ಟ್ ಒಳಗೆ ಇಂಟರ್‌ನೆಟ್‌ಗೆ ತೆರೆದಿರುವ ವೆಬ್‌ಸೈಟ್ ಇದ್ದರೆ, ಆ ಸೈಟ್ ಮೂಲಕ ಒಳಗೆ ಬಂದವನು ಆಗಲೇ 'ಲೋಕಲ್' ಆಗಿಬಿಟ್ಟಿರುತ್ತಾನೆ.

2025ರ ಮಾರ್ಚ್ 4ರಂದು ಬ್ರಾಡ್‌ಕಾಮ್ ಹೊರತಂದ ವಿಎಂವೇರ್ ಅಡ್ವೈಸರಿಯನ್ನೇ ತೆಗೆದುಕೊಳ್ಳಿ. ಅದರಲ್ಲಿ ಮೂರು ಲೋಪಗಳು. ಸಿವಿಇ-2025-22224ರ (ಸಿವಿಇ ಎಂಬುದು ಪ್ರತಿ ಲೋಪಕ್ಕೆ ಕೊಡುವ ಗುರುತಿನ ಸಂಖ್ಯೆ) ಅಂಕ 9.3. ಗೆಸ್ಟ್ ಒಳಗೆ ಅಡ್ಮಿನ್ ಹಕ್ಕು ಇರುವವನು ಹೋಸ್ಟ್‌ನಲ್ಲಿ ಆ ವಿಎಂಗಾಗಿ ಓಡುವ ವಿಎಂಎಕ್ಸ್ ಪ್ರೊಸೆಸ್‌ನೊಳಗೆ ತನ್ನ ಕೋಡ್ ಓಡಿಸಬಹುದಿತ್ತು. ಸಿವಿಇ-2025-22225 ಬಳಸಿದರೆ ಆ ಪ್ರೊಸೆಸ್‌ನ ಬೇಲಿ ದಾಟಿ ಕರ್ನಲ್‌ವರೆಗೆ ಹೋಗಬಹುದು. ಮೂರನೆಯದಾದ ಸಿವಿಇ-2025-22226ರಿಂದ ಮೆಮೊರಿ ಸೋರುತ್ತದೆ. ಅಡ್ವೈಸರಿ ಬರುವ ಹೊತ್ತಿಗೇ ಮೂರೂ ದಾಳಿಗಳಲ್ಲಿ ಬಳಕೆಯಾಗುತ್ತಿದ್ದವು, ಪತ್ತೆ ಮಾಡಿ ತಿಳಿಸಿದ್ದು ಮೈಕ್ರೋಸಾಫ್ಟ್‌ನ ತಂಡ. ಅಷ್ಟಾದರೂ ದಾಳಿಯ ದಾರಿ ಎಂಬಲ್ಲಿ ಬರೆದಿದ್ದು 'ಲೋಕಲ್' ಎಂದೇ. ನಾನು ಆ ಪದಕ್ಕಿಂತ 'ಸ್ಕೋಪ್: ಚೇಂಜ್ಡ್' ಇದೆಯಾ ಎಂದು ಮೊದಲು ನೋಡುತ್ತೇನೆ. ಒಂದು ಕಡೆಯ ಲೋಪ ಅದರ ಗಡಿ ದಾಟಿ ಇನ್ನೊಂದು ಕಡೆ ಹಾನಿ ಮಾಡುತ್ತದೆ ಎಂಬುದಕ್ಕೆ ಆ ಗುರುತು. ಗೆಸ್ಟ್‌ನಿಂದ ಹೋಸ್ಟ್‌ಗೆ ಜಿಗಿಯುವ ಲೋಪಗಳಲ್ಲಿ ಸಾಮಾನ್ಯವಾಗಿ ಅದು ಇದ್ದೇ ಇರುತ್ತದೆ.

ಆಮೇಲೆ ಅದು ಈಗಾಗಲೇ ಬಳಕೆಯಲ್ಲಿದೆಯಾ ಎಂದು ನೋಡಿ. ಅಮೆರಿಕದ ಸೈಬರ್ ಸುರಕ್ಷತಾ ಸಂಸ್ಥೆ ಸೀಸಾ 2021ರ ನವೆಂಬರ್‌ನಿಂದ 'ಕೆಇವಿ' ಎಂಬ ಪಟ್ಟಿ ಇಟ್ಟಿದೆ. ನಿಜವಾದ ದಾಳಿಗಳಲ್ಲಿ ಬಳಕೆಯಾದ ಲೋಪಗಳು ಮಾತ್ರ ಅದರಲ್ಲಿರುತ್ತವೆ. ನಮ್ಮ ಸಾಫ್ಟ್‌ವೇರ್‌ನ ಲೋಪ ಆ ಪಟ್ಟಿಗೆ ಬಂತು ಎಂದರೆ ನಾನು ತಿಂಗಳ ಮೆಂಟೆನೆನ್ಸ್ ದಿನಕ್ಕೆ ಕಾಯುವುದಿಲ್ಲ, ಅವತ್ತೇ ಕೆಲಸ ಶುರು.

ಅಡ್ವೈಸರಿಯ ಕೋಷ್ಟಕದಲ್ಲಿ ಪ್ರತಿ ಸಾಲನ್ನೂ ಓದಿ, ಇದರಲ್ಲಿ ಸೋಮಾರಿತನ ಬೇಡ. 2025ರ ಜುಲೈನಲ್ಲಿ ವಿಎಂಎಕ್ಸ್‌ನೆಟ್3 ನೆಟ್‌ವರ್ಕ್ ಅಡಾಪ್ಟರ್‌ನ ಲೋಪಕ್ಕೆ ಪ್ಯಾಚ್ ಬಂತು. ಪೌನ್‌ಟೂಓನ್ ಬರ್ಲಿನ್ ಹ್ಯಾಕಿಂಗ್ ಸ್ಪರ್ಧೆಯಲ್ಲಿ ತೋರಿಸಿದ ಲೋಪ ಅದು. ಅದೇ ಅಡ್ವೈಸರಿಯಲ್ಲಿದ್ದ ಸಿವಿಇ-2025-41239ಕ್ಕೆ ಹೋಸ್ಟ್ ಪ್ಯಾಚ್ ಮಾತ್ರ ಸಾಲುತ್ತಿರಲಿಲ್ಲ, ವಿಂಡೋಸ್ ಗೆಸ್ಟ್‌ಗಳ ಒಳಗಿನ ವಿಎಂವೇರ್ ಟೂಲ್ಸ್ ಕೂಡ ಹೊಸದಾಗಬೇಕಿತ್ತು. ಮೇಲಿನ ಎರಡು ಸಾಲು ಓದಿ ಹೊರಟವರಿಗೆ ಇದು ಕಾಣುವುದೇ ಇಲ್ಲ. ಇನ್ನು ಕೆಲವು ಸಲ ಹಳೆಯ ಆವೃತ್ತಿಗೆ ಪ್ಯಾಚ್ ಎಂಬುದೇ ಇರುವುದಿಲ್ಲ. 2024ರ ಸಿವಿಇ-2024-37085 ಅಂಥದ್ದು. ಆಕ್ಟಿವ್ ಡೈರೆಕ್ಟರಿಗೆ (ಕಂಪನಿಯ ಎಲ್ಲರ ಲಾಗಿನ್, ಗುಂಪುಗಳನ್ನು ನೋಡಿಕೊಳ್ಳುವ ಮೈಕ್ರೋಸಾಫ್ಟ್ ವ್ಯವಸ್ಥೆ) ಸೇರಿಸಿದ ಇಎಸ್ಎಕ್ಸ್ಐ ಹೋಸ್ಟ್, 'ಇಎಸ್ಎಕ್ಸ್ ಅಡ್ಮಿನ್ಸ್' ಎಂಬ ಹೆಸರಿನ ಗುಂಪಿನಲ್ಲಿ ಯಾರೇ ಇದ್ದರೂ ಅವರಿಗೆ ಪೂರ್ತಿ ಅಧಿಕಾರ ಕೊಟ್ಟುಬಿಡುತ್ತಿತ್ತು. ರಾನ್ಸಮ್‌ವೇರ್ ಗುಂಪುಗಳು ಸುಮ್ನೆ ಆ ಹೆಸರಿನ ಗುಂಪು ಸೃಷ್ಟಿಸಿ ಒಳಗೆ ಹೋದವು. 8.0 ಅಪ್‌ಡೇಟ್ 3ರಲ್ಲಿ ಇದು ಸರಿಯಾಯಿತು. ಹಳೆಯ 7.0ರಲ್ಲಿ ಸೆಟ್ಟಿಂಗ್ ಬದಲಿಸುವುದೇ ದಾರಿ.

ಲೋಪ ಎಲ್ಲಿದೆ ಎಂದು ಮೊದಲು ತೀರ್ಮಾನಿಸಿ

ಯಾವುದನ್ನು ರೀಸ್ಟಾರ್ಟ್ ಮಾಡಬೇಕು, ಎಷ್ಟು ಹೊತ್ತು ಬೇಕು, ಯಾರಿಗೆ ಮುಂಚೆ ಹೇಳಬೇಕು ಎಂಬುದೆಲ್ಲ ಇದರ ಮೇಲೆ ನಿಂತಿದೆ. ನಾನು ಪ್ರತಿ ಲೋಪವನ್ನೂ ಮೂರರಲ್ಲಿ ಒಂದು ಜಾಗಕ್ಕೆ ಹಾಕುತ್ತೇನೆ.

ಒಂದು, ಹೋಸ್ಟ್‌ನ ನೆಟ್‌ವರ್ಕ್ ಕಡೆಗೆ ಮುಖ ಮಾಡಿರುವ ಸೇವೆಗಳು. ಲಾಗಿನ್ ಪುಟ, ಮ್ಯಾನೇಜ್‌ಮೆಂಟ್ ಸರ್ವರ್, ಇಂಥವು. ಇವುಗಳ ಲೋಪಕ್ಕೆ ಗೆಸ್ಟ್ ಒಳಗೆ ಬರುವ ಅಗತ್ಯವೇ ಇಲ್ಲ, ಹೋಸ್ಟ್‌ನ ಐಪಿ ವಿಳಾಸ ತಲುಪಿದರೆ ಸಾಕು. ಇಎಸ್ಎಕ್ಸ್ಐನಲ್ಲಿ ನೆಟ್‌ವರ್ಕ್‌ನ ಸೇವೆಗಳನ್ನು ಹುಡುಕಿಕೊಡುವ ಓಪನ್‌ಎಸ್‌ಎಲ್‌ಪಿಯಲ್ಲಿದ್ದ ಸಿವಿಇ-2021-21974ಕ್ಕೆ 2021ರ ಫೆಬ್ರವರಿಯಲ್ಲೇ ಪ್ಯಾಚ್ ಬಂದಿತ್ತು. ಸುಮಾರು ಎರಡು ವರ್ಷ ಆದಮೇಲೆ, 2023ರ ಫೆಬ್ರವರಿಯಲ್ಲಿ, ಇಎಸ್ಎಕ್ಸ್ಐಆರ್ಗ್ಸ್ ರಾನ್ಸಮ್‌ವೇರ್ ಇಂಟರ್‌ನೆಟ್‌ಗೆ ತೆರೆದಿದ್ದ ಹಳೆಯ ಹೋಸ್ಟ್‌ಗಳ ಮೇಲೆ ಬಿತ್ತು. ವಿಎಂಗಳ ಫೈಲ್‌ಗಳನ್ನೇ ಎನ್‌ಕ್ರಿಪ್ಟ್ ಮಾಡಿತು. ಅದಕ್ಕೆ ದಾರಿ ಮಾಡಿಕೊಟ್ಟದ್ದು ಈ ಓಪನ್‌ಎಸ್‌ಎಲ್‌ಪಿ ಲೋಪ ಎಂದೇ ಆಗ ಬಂದ ಹಲವು ಎಚ್ಚರಿಕೆಗಳು ಹೇಳಿದವು. ಆ ಸೇವೆಯ ಪೋರ್ಟ್ 427 ಹೊರಗಿನವರಿಗೆ ಕಾಣಬೇಕಾದ ಕಾರಣವೇ ಇರಲಿಲ್ಲ. ಇಂಥ ಲೋಪ ಬಂದಾಗ ಪ್ಯಾಚ್ ಡೌನ್‌ಲೋಡ್ ಆಗುವ ಮೊದಲೇ ಫೈರ್‌ವಾಲ್ ನೋಡಿ. ಹೋಸ್ಟ್‌ನ ಮ್ಯಾನೇಜ್‌ಮೆಂಟ್ ನೆಟ್‌ವರ್ಕ್‌ಗೆ ಅಡ್ಮಿನ್‌ಗಳ ಕಂಪ್ಯೂಟರ್ ಬಿಟ್ಟು ಬೇರೆ ಯಾವುದೂ ತಲುಪಬಾರದು, ಗೆಸ್ಟ್‌ಗಳಂತೂ ತಲುಪಲೇಬಾರದು.

ಎರಡು, ಗೆಸ್ಟ್‌ಗೆ ತೋರಿಸುವ ಹುಸಿ ಸಾಧನಗಳು: ಫ್ಲಾಪಿ, ಯುಎಸ್‌ಬಿ, ನೆಟ್‌ವರ್ಕ್ ಕಾರ್ಡ್, ಡಿಸ್ಕ್ ಕಂಟ್ರೋಲರ್. 2015ರ ಮೇ ತಿಂಗಳಲ್ಲಿ ಹೊರಬಂದ ವೆನಮ್ ಲೋಪ, ವಿಎಂಗೆ ಇಂಥ ಹುಸಿ ಸಾಧನಗಳನ್ನು ಒದಗಿಸುವ ಕ್ಯೂಎಮು ಪ್ರೋಗ್ರಾಂನ ಫ್ಲಾಪಿ ಕಂಟ್ರೋಲರ್‌ನಲ್ಲಿತ್ತು. 2004ರಿಂದ ಅಲ್ಲೇ ಇದ್ದ ಕೋಡ್ ಅದು. ಕೆವಿಎಂ (ಲಿನಕ್ಸ್ ಕರ್ನಲ್‌ನದ್ದೇ ಹೈಪರ್‌ವೈಸರ್), ಜೆನ್, ವರ್ಚುವಲ್‌ಬಾಕ್ಸ್ ಮೂರಕ್ಕೂ ತಾಗಿತು. 'ನಾವು ಫ್ಲಾಪಿ ಹಾಕೇ ಇಲ್ಲ' ಎನ್ನುವ ಹಾಗೂ ಇರಲಿಲ್ಲ, ಜೆನ್ ಮತ್ತು ಕ್ಯೂಎಮುವಿನಲ್ಲಿ ಫ್ಲಾಪಿ ತೆಗೆದಿದ್ದರೂ ಲೋಪವಿದ್ದ ಕೋಡ್ ಜೀವಂತವಾಗಿಯೇ ಇರುತ್ತಿತ್ತು. 2024ರ ಮಾರ್ಚ್‌ನಲ್ಲಿ ವಿಎಂವೇರ್‌ನ ಯುಎಸ್‌ಬಿ ಕಂಟ್ರೋಲರ್‌ಗಳಲ್ಲಿ ಸಿಕ್ಕ ಲೋಪಗಳದ್ದು ಬೇರೆ ಕಥೆ. ಅಲ್ಲಿ ವಿಎಂಗಳಿಂದ ಯುಎಸ್‌ಬಿ ಕಂಟ್ರೋಲರ್ ತೆಗೆದುಹಾಕಿದರೆ ಪ್ಯಾಚ್ ಹಾಕುವವರೆಗೆ ಉಸಿರಾಡಲು ಸಮಯ ಸಿಗುತ್ತಿತ್ತು. ಈ ಗುಂಪಿನ ಲೋಪಗಳಿಗೆ ಪ್ರತಿ ವಿಎಂನ ಪ್ರೊಸೆಸ್ ಬದಲಾಗಲೇಬೇಕು.

ಮೂರು, ಸಿಪಿಯು ಮತ್ತು ಕರ್ನಲ್. 2018ರ ಜನವರಿಯ ಮೆಲ್ಟ್‌ಡೌನ್, ಸ್ಪೆಕ್ಟರ್, ಅದೇ ವರ್ಷ ಆಗಸ್ಟ್‌ನ ಎಲ್1ಟಿಎಫ್ ಇಲ್ಲಿಗೆ ಸೇರುತ್ತವೆ. ಕೆವಿಎಂನ ಕರ್ನಲ್ ಭಾಗದ ಲೋಪಗಳೂ ಇಲ್ಲೇ. ಗೂಗಲ್‌ನ ಪ್ರಾಜೆಕ್ಟ್ ಜೀರೋ ತಂಡ ಎಎಂಡಿ ಸಿಪಿಯುಗಳ ನೆಸ್ಟೆಡ್ ವರ್ಚುವಲೈಸೇಷನ್ ಕೋಡ್‌ನಲ್ಲಿ ಕಂಡುಹಿಡಿದ ಸಿವಿಇ-2021-29657 ಒಂದು ಉದಾಹರಣೆ. ವಿಎಂ ಒಳಗೆ ಇನ್ನೊಂದು ವಿಎಂ ಓಡಿಸುವ ಅಗತ್ಯ ನಿಮಗಿಲ್ಲ ಎಂದರೆ ನೆಸ್ಟೆಡ್ ಆಫ್ ಮಾಡಿಡಿ. ಅಂಥ ಲೋಪಗಳ ಒಂದು ದೊಡ್ಡ ಕಂತೆಯೇ ನಿಮಗೆ ಸಂಬಂಧವಿಲ್ಲದಂತಾಗುತ್ತದೆ.

ಪ್ಯಾಚ್ ದಿನಕ್ಕೆ ಮುಂಚೆ

ಹೋಸ್ಟ್ ಪ್ಯಾಚ್‌ನ ಮುಕ್ಕಾಲು ಕೆಲಸ ಹೋಸ್ಟ್ ಖಾಲಿ ಮಾಡುವುದರಲ್ಲೇ ಇದೆ. ಕ್ಲಸ್ಟರ್‌ನಲ್ಲಿ ಒಂದು ಹೋಸ್ಟ್ ಹೊರಗೆ ತೆಗೆದರೆ ಅದರ ಮೇಲಿನ ವಿಎಂಗಳಿಗೆ ಉಳಿದವುಗಳಲ್ಲಿ ಮೆಮೊರಿ ಇದೆಯಾ? ಪ್ಯಾಚ್ ತಡವಾಗುವ ಎಷ್ಟೋ ಕಡೆ ನಿಜವಾದ ಕಾರಣ ಇದೇ. ಕ್ಲಸ್ಟರ್ ಕಟ್ಟುವಾಗ ಒಂದು ಹೋಸ್ಟ್‌ನಷ್ಟು ಜಾಗ ಖಾಲಿ ಇಟ್ಟಿರುತ್ತಾರೆ, ಒಂದೊಂದೇ ವಿಎಂ ಸೇರಿ ಅದು ಸದ್ದಿಲ್ಲದೆ ತುಂಬಿಹೋಗುತ್ತದೆ. ಆ ಜಾಗ ಪ್ಯಾಚ್‌ಗೆಂದೇ ಇಟ್ಟದ್ದು ಎಂದು ಮ್ಯಾನೇಜರ್‌ಗೆ ಬರಹದಲ್ಲೇ ಹೇಳಿ, ಹೊಸ ವಿಎಂ ಕೇಳಿದವರಿಗೂ ಅದನ್ನೇ ತೋರಿಸಿ.

ಜಾಗ ಇದ್ದರೂ ಕೆಲವು ವಿಎಂಗಳು ಅಲುಗಾಡುವುದಿಲ್ಲ. ಯಾರೋ ಯಾವಾಗಲೋ ಸಿಡಿ ಡ್ರೈವ್‌ಗೆ ಹೋಸ್ಟ್‌ನ ಸ್ವಂತ ಡಿಸ್ಕ್‌ನಲ್ಲಿರುವ ಐಎಸ್‌ಒ ಸೇರಿಸಿ ಮರೆತಿರುತ್ತಾರೆ. ಗ್ರಾಫಿಕ್ಸ್ ಕಾರ್ಡನ್ನೋ ಯುಎಸ್‌ಬಿ ಡಾಂಗಲನ್ನೋ ನೇರವಾಗಿ ಕೊಟ್ಟಿರುತ್ತಾರೆ. ಡಿಸ್ಕ್ ಹಂಚಿಕೆಯ ಸ್ಟೋರೇಜ್‌ನಲ್ಲಿರದೆ ಲೋಕಲ್ ಆಗಿರುತ್ತದೆ. ಇವನ್ನು ಒಂದು ದಿನ ಮುಂಚೆಯೇ ಹುಡುಕಿ ಪಟ್ಟಿ ಮಾಡಿ. ಸಿಡಿ ಕಳಚುವುದು ಒಂದು ಕ್ಲಿಕ್‌ನ ಕೆಲಸ. ಕಾರ್ಡ್ ಕಟ್ಟಿದ ವಿಎಂ ನಿಲ್ಲಿಸಲೇಬೇಕು, ಹಾಗಾಗಿ ಅದರ ಒಡೆಯರಿಗೆ ಮುಂಚೆಯೇ ಫೋನ್ ಮಾಡಿ ಸಮಯ ಪಡೆಯಿರಿ. ಮೇಲ್ ಕಳಿಸಿದರೆ ಓದುವುದಿಲ್ಲ, ಫೋನೇ ಸರಿ.

ಸರ್ವರ್‌ನ ರಿಮೋಟ್ ಕನ್ಸೋಲ್‌ಗೆ ಲಾಗಿನ್ ಆಗಿ ನೋಡಿ. ಐಲೋ, ಐಡ್ರ್ಯಾಕ್, ಏನಿದೆಯೋ ಅದು. ಪಾಸ್‌ವರ್ಡ್ ಕೆಲಸ ಮಾಡುತ್ತದಾ, ಸ್ಕ್ರೀನ್ ಕಾಣುತ್ತದಾ? ರೀಬೂಟ್ ಆದ ಹೋಸ್ಟ್ ಮೇಲೆ ಬರದಿದ್ದರೆ ಇದೊಂದೇ ಕಿಟಕಿ. ಹಾಗೆಯೇ ನಿಮ್ಮ ಡಿಎನ್‌ಎಸ್, ಆಕ್ಟಿವ್ ಡೈರೆಕ್ಟರಿ, ಪಾಸ್‌ವರ್ಡ್ ಇಡುವ ಸರ್ವರ್ ಎಲ್ಲವೂ ಇದೇ ಕ್ಲಸ್ಟರ್‌ನ ವಿಎಂಗಳೇ ಆಗಿದ್ದರೆ, ಹೋಸ್ಟ್‌ಗಳ ಐಪಿ ವಿಳಾಸ ಮತ್ತು ರೂಟ್ ಪಾಸ್‌ವರ್ಡನ್ನು ಹೊರಗೆ ಒಂದು ಸುರಕ್ಷಿತ ಜಾಗದಲ್ಲೂ ಇಟ್ಟಿರಬೇಕು.

ಹೋಸ್ಟ್‌ನ ಕಾನ್ಫಿಗರೇಷನ್ ಬ್ಯಾಕಪ್ ತೆಗೆಯಿರಿ. ಇಎಸ್ಎಕ್ಸ್ಐ 7.0 ಅಪ್‌ಡೇಟ್ 2ರಿಂದ ಈಚೆಗೆ, ಟಿಪಿಎಂ ಎಂಬ, ಕೀಲಿಗಳನ್ನು ಕಾಪಾಡುವ ಚಿಪ್ ಇರುವ ಹೋಸ್ಟ್‌ಗಳಲ್ಲಿ ಕಾನ್ಫಿಗರೇಷನ್ ಎನ್‌ಕ್ರಿಪ್ಟ್ ಆಗಿ, ಅದರ ಕೀಲಿ ಆ ಚಿಪ್‌ಗೆ ಅಂಟಿಕೊಂಡಿರುತ್ತದೆ. ಮದರ್‌ಬೋರ್ಡ್ ಬದಲಾದರೆ ಅಥವಾ ಚಿಪ್ ಅಳಿಸಿದರೆ ರಿಕವರಿ ಕೀ ಇಲ್ಲದೆ ಹೋಸ್ಟ್ ಬೂಟ್ ಆಗುವುದಿಲ್ಲ. ಇಎಸ್ಎಕ್ಸ್‌ಸಿಎಲ್ಐನ ಎನ್‌ಕ್ರಿಪ್ಷನ್ ರಿಕವರಿ ಲಿಸ್ಟ್ ಆದೇಶ ಆ ಕೀಯನ್ನು ತೋರಿಸುತ್ತದೆ. ಪ್ರತಿ ಹೋಸ್ಟ್‌ನದ್ದನ್ನೂ ಬರೆದಿಡಿ. ಪ್ಯಾಚ್ ಜೊತೆಗೆ ಬಯಾಸ್ ಅಪ್‌ಡೇಟ್ ಕೂಡ ಮಾಡುವವರಂತೂ ಇದನ್ನು ಬಿಡಲೇಬಾರದು.

ವಿಎಂಗಳ ಬ್ಯಾಕಪ್ ಬಗ್ಗೆ ಉದ್ದ ಹೇಳುವುದಿಲ್ಲ. ಸ್ನ್ಯಾಪ್‌ಶಾಟ್ ಬ್ಯಾಕಪ್ ಅಲ್ಲ, ಅದೂ ಅದೇ ಸ್ಟೋರೇಜ್‌ನಲ್ಲಿರುತ್ತದೆ. ಹೋಸ್ಟ್‌ನ ಲಾಗಿನ್ ಸಿಕ್ಕವನಿಗೆ ಬ್ಯಾಕಪ್ ಸರ್ವರ್‌ನ ಲಾಗಿನ್ ಕೂಡ ಸಿಗುವಂತಿರಬಾರದು.

ಇಎಸ್ಎಕ್ಸ್ಐ ಹೋಸ್ಟ್

ಎಲ್ಲ ಹೋಸ್ಟ್‌ಗಳನ್ನೂ ಒಂದೇ ಕಡೆಯಿಂದ ನಿರ್ವಹಿಸುವ ವಿಸೆಂಟರ್ ಸರ್ವರ್ ಯಾವಾಗಲೂ ಮೊದಲು, ಹೋಸ್ಟ್‌ಗಳು ಆಮೇಲೆ. ವಿಸೆಂಟರ್‌ನ ಫೈಲ್ ಬ್ಯಾಕಪ್ ತೆಗೆದು, ಅದನ್ನು ಪ್ಯಾಚ್ ಮಾಡಿ, ಲಾಗಿನ್ ಆಗಿ, ಎಲ್ಲ ಹೋಸ್ಟ್‌ಗಳೂ ಕನೆಕ್ಟ್ ಆಗಿವೆ ಎಂದು ನೋಡಿಕೊಂಡ ಮೇಲೆಯೇ ಮುಂದಿನ ಹೆಜ್ಜೆ.

ಮೊದಲ ಹೋಸ್ಟ್ ಆಗಿ ನಾನು ಅತಿ ಕಡಿಮೆ ಮುಖ್ಯವಾದ ವಿಎಂಗಳಿರುವುದನ್ನು ಆರಿಸುತ್ತೇನೆ. ಮೆಂಟೆನೆನ್ಸ್ ಮೋಡ್‌ಗೆ ಹಾಕಿದರೆ, ವಿಎಂಗಳನ್ನು ಹೋಸ್ಟ್‌ಗಳ ನಡುವೆ ಹಂಚುವ ಡಿಆರ್‌ಎಸ್ ಪೂರ್ತಿ ಆಟೋಮ್ಯಾಟಿಕ್ ಆಗಿದ್ದಲ್ಲಿ, ವಿಎಂಗಳು ತಾವಾಗಿಯೇ ಬೇರೆ ಹೋಸ್ಟ್‌ಗಳಿಗೆ ಹೋಗುತ್ತವೆ. ಆ ಟಾಸ್ಕ್ ಎಲ್ಲೋ ಮಧ್ಯದಲ್ಲಿ ನಿಂತುಬಿಟ್ಟರೆ ಕಾಯುತ್ತ ಕೂರಬೇಡಿ. ಹೋಸ್ಟ್‌ನ ವಿಎಂ ಪಟ್ಟಿ ತೆರೆಯಿರಿ, ಅಲುಗಾಡದ ಒಂದು ವಿಎಂ ಅಲ್ಲಿ ಇದ್ದೇ ಇರುತ್ತದೆ. ವಿಸ್ಯಾನ್ (ಹೋಸ್ಟ್‌ಗಳ ಡಿಸ್ಕ್‌ಗಳನ್ನೇ ಸೇರಿಸಿ ಮಾಡುವ ಹಂಚಿಕೆಯ ಸ್ಟೋರೇಜ್) ಬಳಸುವವರು ಹಿಂದಿನ ಹೋಸ್ಟ್‌ನ ಡೇಟಾ ರೀಸಿಂಕ್ ಪೂರ್ತಿ ಮುಗಿಯದೆ ಮುಂದಿನ ಹೋಸ್ಟ್ ಮುಟ್ಟಲೇಬಾರದು. ಮುಟ್ಟಿದರೆ ಡೇಟಾದ ಎರಡೂ ಪ್ರತಿ ಒಟ್ಟಿಗೆ ಕೈತಪ್ಪುವ ಅಪಾಯ ಇದೆ.

ಲೈಫ್‌ಸೈಕಲ್ ಮ್ಯಾನೇಜರ್ ಇದ್ದರೆ ಇಮೇಜ್ ಆರಿಸಿ ರಿಮೀಡಿಯೇಟ್ ಒತ್ತಿದರೆ ಉಳಿದದ್ದು ಅದೇ ಮಾಡುತ್ತದೆ. ಕಮಾಂಡ್ ಲೈನ್‌ನಲ್ಲಿ ಮಾಡುವವರು ಒಂದು ವಿಷಯ ಗಮನಿಸಿ. ಸಾಫ್ಟ್‌ವೇರ್ ಪ್ರೊಫೈಲ್‌ಗೆ 'ಅಪ್‌ಡೇಟ್' ಮತ್ತು 'ಇನ್‌ಸ್ಟಾಲ್' ಎಂಬ ಎರಡು ಆದೇಶಗಳಿವೆ. ಅಪ್‌ಡೇಟ್ ಹಳೆಯದನ್ನು ಹೊಸದಾಗಿಸಿ, ಸರ್ವರ್ ಕಂಪನಿ ಕೊಟ್ಟ ಡ್ರೈವರ್‌ಗಳನ್ನು ಉಳಿಸುತ್ತದೆ. ಇನ್‌ಸ್ಟಾಲ್ ಇರುವುದನ್ನೆಲ್ಲ ಆ ಪ್ರೊಫೈಲ್‌ನ ಹಾಗೆಯೇ ಮಾಡಿಬಿಡುತ್ತದೆ, ಅದರಲ್ಲಿಲ್ಲದ ಡ್ರೈವರ್ ಹೋಗಿಬಿಡಬಹುದು. ರೀಬೂಟ್ ಆದಮೇಲೆ ಸ್ಟೋರೇಜ್ ಕಾರ್ಡೇ ಕಾಣದಿದ್ದರೆ ಗತಿ ಏನು? ಅಪ್‌ಡೇಟ್ ಬಳಸಿ, ಅದಕ್ಕೂ ಮುಂಚೆ ಡ್ರೈ ರನ್ ಹಾಕಿ ಏನೇನು ಬದಲಾಗುತ್ತದೆ ಎಂದು ಓದಿ.

ಹೊಸ ಪ್ಯಾಚ್‌ನಲ್ಲಿ ಹೋಸ್ಟ್ ಸರಿಯಾಗಿ ಏಳದಿದ್ದರೆ ಹಿಂದಿನ ಆವೃತ್ತಿ ಇನ್ನೊಂದು ಬೂಟ್‌ಬ್ಯಾಂಕ್‌ನಲ್ಲಿ ಹಾಗೆಯೇ ಇರುತ್ತದೆ. ಬೂಟ್ ಶುರುವಾಗುವಾಗಲೇ ಶಿಫ್ಟ್ ಮತ್ತು ಆರ್ ಒಟ್ಟಿಗೆ ಒತ್ತಿದರೆ ಅದಕ್ಕೆ ಮರಳಬಹುದು. ಎದ್ದಮೇಲೆ ಬಿಲ್ಡ್ ನಂಬರ್ ಅನ್ನು ಅಡ್ವೈಸರಿಯಲ್ಲಿರುವ ನಂಬರ್ ಜೊತೆ ಅಂಕಿ ಅಂಕಿಯಾಗಿ ಹೋಲಿಸಿ. ಸ್ಟೋರೇಜ್ ದಾರಿಗಳೆಲ್ಲ ಇವೆಯಾ, ನೆಟ್‌ವರ್ಕ್ ಕಾರ್ಡ್‌ಗಳೆಲ್ಲ ಮೇಲಿವೆಯಾ ನೋಡಿ. ನಂತರ ಒಂದೇ ಒಂದು ಟೆಸ್ಟ್ ವಿಎಂ ಆ ಹೋಸ್ಟ್‌ಗೆ ತಂದು ಸ್ವಲ್ಪ ಹೊತ್ತು ಓಡಿಸಿ. ಎಲ್ಲ ಸರಿ ಎನಿಸಿದರೆ ಮುಂದಿನ ಹೋಸ್ಟ್.

8.0 ಅಪ್‌ಡೇಟ್ 3ರಿಂದ ಲೈವ್ ಪ್ಯಾಚ್ ಎಂಬ ಅನುಕೂಲ ಬಂದಿದೆ. ವಿಎಂ ಓಡಿಸುವ ಭಾಗಕ್ಕೆ ಮಾತ್ರ ಬಂದ ಕೆಲವು ಪ್ಯಾಚ್‌ಗಳನ್ನು ಹೋಸ್ಟ್ ಖಾಲಿ ಮಾಡದೆಯೇ ಹಾಕಬಹುದು, ವಿಎಂಗಳು ಕ್ಷಣ ಮಾತ್ರ ತಡೆದು ಮತ್ತೆ ಓಡುತ್ತವೆ. ಒಳ್ಳೆಯ ಅನುಕೂಲವೇ. ಆದರೆ ನೇರವಾಗಿ ಕಾರ್ಡ್ ಕೊಟ್ಟಿರುವ ವಿಎಂಗಳಿಗೆ ಇದು ಆಗುವುದಿಲ್ಲ, ಅವನ್ನು ನೀವೇ ನಿಲ್ಲಿಸಿ ಶುರು ಮಾಡಬೇಕು.

ಇಎಸ್ಎಕ್ಸ್ಐ 6.5, 6.7ಕ್ಕೆ ಸಾಮಾನ್ಯ ಬೆಂಬಲ 2022ರ ಅಕ್ಟೋಬರ್ 15ಕ್ಕೆ ಮುಗಿದಿದೆ, 7.0ಕ್ಕೆ 2025ರ ಅಕ್ಟೋಬರ್ 2ಕ್ಕೆ. ಅವುಗಳ ಮೇಲೆ ಇನ್ನೂ ಇರುವವರಿಗೆ ಈ ಲೇಖನದ ಬಹುಪಾಲು ಉಪಯೋಗಕ್ಕೆ ಬರುವುದಿಲ್ಲ. ಅವರು ಮೊದಲು ಆವೃತ್ತಿ ಬದಲಿಸುವ ಯೋಜನೆ ಹಾಕಬೇಕು.

ಕೆವಿಎಂ ಮತ್ತು ಪ್ರಾಕ್ಸ್‌ಮಾಕ್ಸ್: ಹಳೆ ಪ್ರೊಸೆಸ್ ಹುಡುಕಿ

ನಾನು ಆರಂಭದಲ್ಲಿ ಹೇಳಿದ ಮಾತು ಕಣ್ಣಿಗೆ ಕಾಣುವುದು ಇಲ್ಲೇ. ಕೆವಿಎಂನಲ್ಲಿ ಪ್ರತಿ ವಿಎಂ ಕೂಡ ಹೋಸ್ಟ್ ಮೇಲೆ ಓಡುವ ಒಂದು ಕ್ಯೂಎಮು ಪ್ರೊಸೆಸ್. ಪ್ಯಾಕೇಜ್ ಅಪ್‌ಡೇಟ್ ಮಾಡಿದಾಗ ಡಿಸ್ಕ್ ಮೇಲಿನ ಫೈಲ್ ಬದಲಾಗುತ್ತದೆ. ಓಡುತ್ತಿರುವ ಪ್ರೊಸೆಸ್ ಮಾತ್ರ ಹಳೆಯ ಫೈಲನ್ನೇ ಮೆಮೊರಿಯಲ್ಲಿ ಹಿಡಿದುಕೊಂಡಿರುತ್ತದೆ. ಪ್ಯಾಕೇಜ್ ಮ್ಯಾನೇಜರ್ ಹೊಸ ಆವೃತ್ತಿ ತೋರಿಸುತ್ತದೆ, ಸ್ಕ್ಯಾನರ್ ಹಸಿರು ಗುರುತು ಹಾಕುತ್ತದೆ, ಲೋಪ ಇದ್ದಲ್ಲೇ ಇರುತ್ತದೆ.

ಒಂದು ಪ್ರೊಸೆಸ್ ತೆಗೆದುಕೊಂಡು ನೋಡಿ. ಪಿಎಸ್ ಆದೇಶದಿಂದ ಆ ವಿಎಂನ ಕ್ಯೂಎಮು ಪ್ರೊಸೆಸ್ ನಂಬರ್ ಹುಡುಕಿ. ಪ್ರಾಕ್ ಡೈರೆಕ್ಟರಿಯಲ್ಲಿ ಆ ನಂಬರ್ ಹೆಸರಿನ ಡೈರೆಕ್ಟರಿ ಇರುತ್ತದೆ. ಅದರೊಳಗೆ 'ಇಎಕ್ಸ್‌ಇ' ಎಂಬ ಲಿಂಕ್. ಎಲ್‌ಎಸ್ ಆದೇಶಕ್ಕೆ ಮೈನಸ್ ಎಲ್ ಸೇರಿಸಿ ಆ ಲಿಂಕ್ ಎಲ್ಲಿಗೆ ತೋರಿಸುತ್ತಿದೆ ಎಂದು ನೋಡಿ. ಕ್ಯೂಎಮು ಫೈಲ್‌ನ ದಾರಿ ಕಾಣುತ್ತದೆ. ಅದರ ಕೊನೆಯಲ್ಲಿ ಆವರಣದೊಳಗೆ 'ಡಿಲೀಟೆಡ್' ಎಂದಿದ್ದರೆ, ಆ ವಿಎಂ ಈಗ ಡಿಸ್ಕ್‌ನಲ್ಲೇ ಇಲ್ಲದ ಹಳೆಯ ಕ್ಯೂಎಮು ಮೇಲೆ ಓಡುತ್ತಿದೆ. ಎಲ್ಲ ಪ್ರೊಸೆಸ್‌ಗಳ ಮೇಲೂ ಇದನ್ನೇ ನೋಡುವ ನಾಲ್ಕು ಸಾಲಿನ ಸ್ಕ್ರಿಪ್ಟ್ ಬರೆದಿಟ್ಟುಕೊಳ್ಳಿ. ನಮ್ಮಲ್ಲಿ ಅದು ದಿನವೂ ತಾನಾಗಿ ಓಡಿ, ಹಳೆಯದರ ಮೇಲೇ ಉಳಿದ ವಿಎಂಗಳ ಹೆಸರನ್ನು ಟೀಮಿಗೆ ಮೇಲ್ ಮಾಡುತ್ತದೆ. ಕ್ಯೂಎಮು ಫೈಲ್ ಬದಲಾಗದೆ ಅದು ಬಳಸುವ ಲೈಬ್ರರಿ ಮಾತ್ರ ಅಪ್‌ಡೇಟ್ ಆಗಿರುವುದೂ ಉಂಟು. ಆಗ ಇಎಕ್ಸ್‌ಇ ಲಿಂಕ್‌ನಲ್ಲಿ ಏನೂ ಕಾಣುವುದಿಲ್ಲ, ಅದೇ ಡೈರೆಕ್ಟರಿಯ 'ಮ್ಯಾಪ್ಸ್' ಫೈಲ್‌ನಲ್ಲಿ ಡಿಲೀಟೆಡ್ ಹುಡುಕಬೇಕು. ಪ್ರಾಕ್ಸ್‌ಮಾಕ್ಸ್‌ನಲ್ಲಿ ಇನ್ನೂ ಸುಲಭ. ಕ್ಯೂಎಂ ಸ್ಟೇಟಸ್ ಆದೇಶಕ್ಕೆ ವರ್ಬೋಸ್ ಸೇರಿಸಿದರೆ 'ರನ್ನಿಂಗ್-ಕ್ಯೂಎಮು' ಎಂಬ ಸಾಲಿನಲ್ಲಿ ಓಡುತ್ತಿರುವ ಆವೃತ್ತಿಯೇ ಕಾಣುತ್ತದೆ.

ಸಿಕ್ಕ ಹಳೆ ಪ್ರೊಸೆಸ್ ಬದಲಿಸುವುದು ಹೇಗೆ? ಗೆಸ್ಟ್ ಒಳಗಿನಿಂದ ರೀಬೂಟ್ ಮಾಡಿದರೆ ಆಗುವುದಿಲ್ಲ. ಒಳಗಿನ ಆಪರೇಟಿಂಗ್ ಸಿಸ್ಟಮ್ ಹೊಸದಾಗಿ ಶುರುವಾಗುತ್ತದೆ, ಹೊರಗಿನ ಪ್ರೊಸೆಸ್ ಅದೇ. ಹೋಸ್ಟ್‌ನಿಂದ ಕೊಡುವ ವರ್ಶ್ ರೀಬೂಟ್ ಆದೇಶವೂ ಹಾಗೆಯೇ. ಪೂರ್ತಿ ಶಟ್‌ಡೌನ್ ಮಾಡಿ ಮತ್ತೆ ಸ್ಟಾರ್ಟ್ ಮಾಡಬೇಕು, ಇಲ್ಲವೇ ಪ್ಯಾಚ್ ಆದ ಇನ್ನೊಂದು ಹೋಸ್ಟ್‌ಗೆ ಲೈವ್ ಮೈಗ್ರೇಟ್ ಮಾಡಬೇಕು, ಅಂದರೆ ನಿಲ್ಲಿಸದೆಯೇ ಸಾಗಿಸಬೇಕು. ಮೈಗ್ರೇಷನ್‌ನಲ್ಲಿ ಆ ಕಡೆ ಹೊಸ ಪ್ರೊಸೆಸ್ ಹುಟ್ಟುತ್ತದೆ. ಪ್ರಾಕ್ಸ್‌ಮಾಕ್ಸ್‌ನ ವೆಬ್ ಪುಟದಲ್ಲಿರುವ ರೀಬೂಟ್ ಬಟನ್ ಮಾತ್ರ ಇದಕ್ಕೆ ಹೊರತು, ಅದು ನಿಜವಾಗಿ ಶಟ್‌ಡೌನ್ ಮಾಡಿ ಮತ್ತೆ ಶುರು ಮಾಡುತ್ತದೆ. ಅಪ್ಲಿಕೇಷನ್ ಟೀಮಿನವರಿಗೆ 'ನಿಮ್ಮ ಸರ್ವರ್ ರೀಬೂಟ್ ಮಾಡಿ' ಎಂದು ಹೇಳಿ ಸುಮ್ಮನಾದರೆ ಅವರು ಒಳಗಿನಿಂದ ಮಾಡಿ 'ಆಯ್ತು' ಎನ್ನುತ್ತಾರೆ. ಅವರದ್ದೇನೂ ತಪ್ಪಿಲ್ಲ. ಹಾಗಾಗಿ ಶಟ್‌ಡೌನ್ ಮಾಡಲು ಹೇಳಿ, ಸ್ಟಾರ್ಟ್ ನೀವೇ ಮಾಡಿ.

ಪ್ರಾಕ್ಸ್‌ಮಾಕ್ಸ್‌ನಲ್ಲಿ ಪ್ಯಾಕೇಜ್ ಹಾಕುವಾಗ ಬರೀ ಅಪ್‌ಗ್ರೇಡ್ ಬಳಸಬೇಡಿ, ಡಿಸ್ಟ್-ಅಪ್‌ಗ್ರೇಡ್ ಅಥವಾ ಫುಲ್-ಅಪ್‌ಗ್ರೇಡ್ ಬಳಸಿ. ಬರೀ ಅಪ್‌ಗ್ರೇಡ್ ಕೆಲವು ಪ್ಯಾಕೇಜ್‌ಗಳನ್ನು ತಡೆದಿಟ್ಟು ಅರ್ಧಂಬರ್ಧ ಸ್ಥಿತಿಯಲ್ಲಿ ಬಿಡುತ್ತದೆ. ರೆಪೊಸಿಟರಿ ಸರಿಯಿದೆಯಾ ಎಂದೂ ನೋಡಿ. ಸಬ್‌ಸ್ಕ್ರಿಪ್ಷನ್ ಇಲ್ಲದೆ ಎಂಟರ್‌ಪ್ರೈಸ್ ರೆಪೊಸಿಟರಿ ಮಾತ್ರ ಆನ್ ಇದ್ದರೆ ಪ್ರಾಕ್ಸ್‌ಮಾಕ್ಸ್‌ನ ಯಾವ ಪ್ಯಾಚೂ ಬರುತ್ತಿರುವುದಿಲ್ಲ. ಹಳೆಯ ನೋಡ್‌ನಿಂದ ಹೊಸದಕ್ಕೆ ಮೈಗ್ರೇಷನ್ ನಡೆಯುತ್ತದೆ, ಹೊಸದರಿಂದ ಹಳೆಯದಕ್ಕೆ ನಡೆಯುತ್ತದೆ ಎಂಬ ಭರವಸೆ ಇಲ್ಲ. ಆದ್ದರಿಂದ ಅರ್ಧ ಕ್ಲಸ್ಟರ್ ಪ್ಯಾಚ್ ಮಾಡಿ ಉಳಿದದ್ದನ್ನು ಮುಂದಿನ ವಾರಕ್ಕೆ ಇಡಬೇಡಿ. ಶುರು ಮಾಡಿದರೆ ಒಂದೇ ಸುತ್ತಿನಲ್ಲಿ ಮುಗಿಸಿ.

ಕರ್ನಲ್ ಲೈವ್ ಪ್ಯಾಚಿಂಗ್ ಇದೆಯಲ್ಲ ಎಂದು ಕೇಳುವವರಿದ್ದಾರೆ. ಅದು ಕರ್ನಲ್‌ನೊಳಗಿನ ಕೆವಿಎಂ ಭಾಗಕ್ಕೆ ನೆರವಾಗಬಹುದು. ಕ್ಯೂಎಮು ಕರ್ನಲ್ ಹೊರಗಿದೆ, ಅದಕ್ಕೆ ಆ ದಾರಿ ತಲುಪುವುದಿಲ್ಲ.

ಸಿಪಿಯು ಲೋಪಗಳು

ಇವುಗಳಿಗೆ ಮೈಕ್ರೋಕೋಡ್ (ಸಿಪಿಯು ಒಳಗಿನ ಕೋಡ್), ಕರ್ನಲ್ ಅಥವಾ ಹೈಪರ್‌ವೈಸರ್ ಪ್ಯಾಚ್, ಗೆಸ್ಟ್ ಪ್ಯಾಚ್ ಮೂರೂ ಬೇಕಾಗಬಹುದು. ಮೈಕ್ರೋಕೋಡ್ ತರುವ ಹೊಸ ಸಿಪಿಯು ಸೌಲಭ್ಯ ಗೆಸ್ಟ್‌ಗೆ ಕಾಣಬೇಕಾದರೆ ವಿಎಂ ಪೂರ್ತಿ ಪವರ್ ಆಫ್ ಆಗಿ ಆನ್ ಆಗಬೇಕು. ಇಲ್ಲಿ ಲೈವ್ ಮೈಗ್ರೇಷನ್ ಕೂಡ ಸಾಲದು, ಏಕೆಂದರೆ ವಿಎಂ ತಾನು ಬೂಟ್ ಆದಾಗ ಕಂಡ ಸಿಪಿಯುವನ್ನೇ ಹೊತ್ತುಕೊಂಡು ಹೋಗುತ್ತದೆ. ವಿಂಡೋಸ್‌ನ ಹೈಪರ್‌ವೈಸರ್ ಆದ ಹೈಪರ್-ವಿಯಲ್ಲೂ ಇದೇ ನಿಯಮ.

ಇನ್ನೊಂದು ಸೂಕ್ಷ್ಮ ಇದೆ. ಎಲ್1ಟಿಎಫ್‌ಗೆ 2018ರಲ್ಲಿ ಇಎಸ್ಎಕ್ಸ್ಐ ಪ್ಯಾಚ್ ಹಾಕಿದವರಿಗೆ ರಕ್ಷಣೆಯ ಒಂದು ಭಾಗ ಆಫ್ ಆಗಿಯೇ ಬಂದಿತ್ತು. ಹೈಪರ್‌ಥ್ರೆಡಿಂಗ್‌ಗೆ (ಒಂದು ಕೋರ್‌ನಲ್ಲಿ ಎರಡು ಥ್ರೆಡ್ ಓಡಿಸುವುದು, ಎಸ್‌ಎಂಟಿ ಎಂದೂ ಕರೆಯುತ್ತಾರೆ) ಸಂಬಂಧಿಸಿದ ಹೊಸ ಶೆಡ್ಯೂಲರನ್ನು ಅಡ್ಮಿನ್ ತಾನೇ ಆನ್ ಮಾಡಬೇಕಿತ್ತು, ಏಕೆಂದರೆ ಅದರಿಂದ ವೇಗ ತಗ್ಗುತ್ತಿತ್ತು. ಲಿನಕ್ಸ್ ಹೋಸ್ಟ್‌ಗಳಲ್ಲಿ ಈ ಸ್ಥಿತಿ ನೋಡುವುದು ಸುಲಭ. ಸಿಸ್ ಡೈರೆಕ್ಟರಿಯೊಳಗೆ ಸಿಪಿಯು ಭಾಗದಲ್ಲಿ 'ವಲ್ನರಬಿಲಿಟೀಸ್' ಎಂಬ ಡೈರೆಕ್ಟರಿ ಇದೆ, ಒಂದೊಂದು ಲೋಪಕ್ಕೂ ಒಂದೊಂದು ಫೈಲ್. ಎಲ್1ಟಿಎಫ್ ಫೈಲ್ ತೆರೆದರೆ ಮೊದಲು 'ಮಿಟಿಗೇಷನ್' ಎಂದು ಇರುತ್ತದೆ. ಅಲ್ಲಿಗೇ ನಿಲ್ಲಿಸಬೇಡಿ. ಸಾಲಿನ ಕೊನೆಯಲ್ಲಿ 'ಎಸ್‌ಎಂಟಿ ವಲ್ನರಬಲ್' ಎಂದಿದ್ದರೆ, ಒಂದೇ ಕೋರ್‌ನ ಎರಡು ಥ್ರೆಡ್‌ಗಳಲ್ಲಿ ಓಡುವ ಎರಡು ಬೇರೆ ಬೇರೆ ವಿಎಂಗಳ ನಡುವೆ ಕಿಂಡಿ ಇನ್ನೂ ಇದೆ ಎಂದರ್ಥ. ಎಲ್ಲ ವಿಎಂಗಳೂ ನಿಮ್ಮವೇ ಆಗಿದ್ದರೆ ಇದನ್ನು ಒಪ್ಪಿಕೊಂಡು ಮುಂದೆ ಹೋಗಬಹುದು. ಬೇರೆ ಬೇರೆ ಗ್ರಾಹಕರ ವಿಎಂಗಳು ಒಂದೇ ಹೋಸ್ಟ್‌ನಲ್ಲಿದ್ದರೆ ಒಪ್ಪಿಕೊಳ್ಳಬಾರದು, ವೇಗ ಸ್ವಲ್ಪ ಹೋದರೂ ಸರಿ.

ಹೈಪರ್-ವಿ, ವರ್ಚುವಲ್‌ಬಾಕ್ಸ್, ಒಂಟಿ ಹೋಸ್ಟ್

ಹೈಪರ್-ವಿ ಪ್ಯಾಚ್‌ಗಳು ಪ್ರತಿ ತಿಂಗಳ ಎರಡನೇ ಮಂಗಳವಾರ ವಿಂಡೋಸ್ ಪ್ಯಾಚ್‌ಗಳ ಜೊತೆಗೇ ಬರುತ್ತವೆ. ಕ್ಲಸ್ಟರ್ ಇದ್ದರೆ ಕ್ಲಸ್ಟರ್-ಅವೇರ್ ಅಪ್‌ಡೇಟಿಂಗ್ ಬಳಸಿ. ನೋಡ್ ಖಾಲಿ ಮಾಡಿ, ಪ್ಯಾಚ್ ಹಾಕಿ, ರೀಬೂಟ್ ಮಾಡಿ, ವಿಎಂಗಳನ್ನು ವಾಪಸ್ ತರುವುದನ್ನೆಲ್ಲ ಅದೇ ಮಾಡುತ್ತದೆ.

ವರ್ಚುವಲ್‌ಬಾಕ್ಸ್‌ಗೆ ಒರಾಕಲ್ ವರ್ಷಕ್ಕೆ ನಾಲ್ಕು ಸಲ, ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್‌ನ ಮೂರನೇ ಮಂಗಳವಾರ, ಲೋಪಗಳ ಪಟ್ಟಿ ಹೊರಡಿಸುತ್ತದೆ. ಕ್ಯಾಲೆಂಡರ್‌ನಲ್ಲಿ ಹಾಕಿಕೊಳ್ಳಿ. ಸೇವ್ ಮಾಡಿಟ್ಟ ಸ್ಥಿತಿಯಲ್ಲಿರುವ ವಿಎಂಗಳನ್ನು ಮೊದಲು ಪೂರ್ತಿ ಶಟ್‌ಡೌನ್ ಮಾಡಿ, ಆಮೇಲೆ ಅಪ್‌ಡೇಟ್. ಎಕ್ಸ್‌ಟೆನ್ಷನ್ ಪ್ಯಾಕ್ ಹಾಕಿದ್ದರೆ ಅದರ ಆವೃತ್ತಿಯೂ ಹೊಂದಬೇಕು, ಗೆಸ್ಟ್ ಅಡಿಷನ್ಸ್ ಕೂಡ ಹೊಸದಾಗಲಿ. ಸರ್ವರ್‌ಗಳಿಗೆ ಕೊಡುವ ಗಮನ ಈ ಲ್ಯಾಪ್‌ಟಾಪ್‌ಗಳಿಗೆ ಯಾರೂ ಕೊಡುವುದಿಲ್ಲ. ಅನುಮಾನದ ಫೈಲ್‌ಗಳನ್ನು 'ವಿಎಂ ಒಳಗೆ ತೆರೆದರೆ ಏನಾಗಲ್ಲ ಬಿಡಿ' ಎಂದು ತೆರೆಯುವುದು ಮಾತ್ರ ಇಲ್ಲೇ.

ಒಂದೇ ಹೋಸ್ಟ್ ಇರುವವರಿಗೆ ಮೈಗ್ರೇಷನ್ ಎಂಬ ದಾರಿಯೇ ಇಲ್ಲ. ಅವರು ಎಲ್ಲವನ್ನೂ ನಿಲ್ಲಿಸಬೇಕು, ಬೇರೆ ಉಪಾಯವಿಲ್ಲ. ಯಾವ ವಿಎಂ ಮೊದಲು ಏಳಬೇಕು ಎಂಬ ಕ್ರಮವನ್ನು ಆಟೋಸ್ಟಾರ್ಟ್‌ನಲ್ಲಿ ಬರೆದಿಡಿ: ಡಿಎನ್‌ಎಸ್ ಮತ್ತು ಲಾಗಿನ್ ಸರ್ವರ್, ಆಮೇಲೆ ಡೇಟಾಬೇಸ್, ಕೊನೆಗೆ ಅಪ್ಲಿಕೇಷನ್. ಪ್ರತಿ ತಿಂಗಳೂ ಒಂದು ನಿಗದಿತ ರಾತ್ರಿ ಇದಕ್ಕೆ ಮೀಸಲಿಟ್ಟು ಎಲ್ಲರಿಗೂ ತಿಳಿಸಿ. ಆ ತಿಂಗಳು ಪ್ಯಾಚ್ ಬರದಿದ್ದರೂ ಹೋಸ್ಟ್ ಒಮ್ಮೆ ರೀಬೂಟ್ ಮಾಡಿ. ವರ್ಷಗಟ್ಟಲೆ ನಿಲ್ಲದೆ ಓಡಿದ ಹೋಸ್ಟ್ ತುರ್ತು ಪ್ಯಾಚ್ ದಿನವೇ ಮೊದಲ ಸಲ ರೀಬೂಟ್ ಆಗುವಂತಾಗಬಾರದು.

ಮುಗಿಸುವ ಮುನ್ನ

ನಮ್ಮ ಶೀಟ್‌ನಲ್ಲಿ ಪ್ರತಿ ವಿಎಂಗೂ ಒಂದು ಸಾಲು ಇದೆ. ಹೋಸ್ಟ್ ಯಾವುದು, ಹೊಸ ಪ್ರೊಸೆಸ್‌ಗೆ ಹೇಗೆ ಬಂತು, ಮೈಗ್ರೇಷನ್‌ನಿಂದಲೋ ಪವರ್ ಆಫ್‌ನಿಂದಲೋ, ಯಾರು ನೋಡಿದರು. ಎಲ್ಲ ಸಾಲೂ ತುಂಬುವವರೆಗೆ ಟಿಕೆಟ್ ಮುಚ್ಚುವುದಿಲ್ಲ. ಸಮಯ ಕೊಡದ ವಿಎಂ ಇದ್ದರೆ ಅದರ ಒಡೆಯರ ಹೆಸರು ಮತ್ತು ಅವರು ಒಪ್ಪಿದ ದಿನಾಂಕ ಅದೇ ಸಾಲಿನಲ್ಲಿರುತ್ತದೆ.

ಕೊನೆಗೆ, ಕೆಲಸಕ್ಕೆಂದು ಬದಲಿಸಿದ್ದನ್ನೆಲ್ಲ ವಾಪಸ್ ಇಡಿ. ಹೋಸ್ಟ್‌ಗಳಲ್ಲಿ ತೆರೆದ ಎಸ್‌ಎಸ್‌ಎಚ್ ಮುಚ್ಚಿ, ಲಾಕ್‌ಡೌನ್ ಮೋಡ್ ಮತ್ತೆ ಆನ್ ಮಾಡಿ. ಆಫ್ ಮಾಡಿದ್ದ ಎಚ್‌ಎ (ಹೋಸ್ಟ್ ಬಿದ್ದರೆ ವಿಎಂಗಳನ್ನು ಬೇರೆ ಕಡೆ ಶುರು ಮಾಡುವ ಸೌಲಭ್ಯ), ಡಿಆರ್‌ಎಸ್ ನಿಯಮಗಳು, ಬ್ಯಾಕಪ್ ಜಾಬ್, ಮಾನಿಟರಿಂಗ್ ಅಲಾರಂ ಒಂದೊಂದೇ ನೋಡಿ. ತಾತ್ಕಾಲಿಕವಾಗಿ ತೆಗೆದ ಯುಎಸ್‌ಬಿ ಕಂಟ್ರೋಲರ್ ಯಾರಿಗೂ ಬೇಕಿಲ್ಲ ಎಂದಾದರೆ ಅದನ್ನು ಮಾತ್ರ ವಾಪಸ್ ಹಾಕಬೇಡಿ, ಹೊಸ ವಿಎಂಗಳ ಟೆಂಪ್ಲೇಟ್‌ನಿಂದಲೂ ತೆಗೆದುಬಿಡಿ.